ಮಾಲವಿಕಾ ಜೀಪಿನಲ್ಲಿದ್ದಾಳೆ

...ಇಲ್ಲ, ಇದು ಶುರುವಾದ ತಾರೀಖು ನಾನು ಅಂದಾಜಿಗೆ ಹೇಳೋಳಲ್ಲ. ತೊಂಬತ್ತಾರನೇ ಇಸವಿ, ಅಕ್ಟೋಬರ್ ಒಂಬತ್ತು, ಬುಧವಾರ. ನನ್ನ ಹಳೇ ಡೈರಿಯಲ್ಲಿದೆ. 'ಮಳೆ ನಲವತ್ತು ಸೆಂಟ್. ಮಾಲವಿಕಾ ಊಟಕ್ಕೆ ಏಳಲಿಲ್ಲ.' ಇಂಚು, ಸೆಂಟ್ ಅಂತ ಮಳೆ ಅಳೆದು ಬರೆಯೋದು ತೋಟದವರ ಪದ್ಧತಿ, ನಿಮಗೆ ಗೊತ್ತೇ ಇದೆ. ಮಗಳು ಊಟಕ್ಕೆ ಏಳದ್ದನ್ನ ಅದರ ಪಕ್ಕ ಯಾಕೆ ಬರೆದೆ ಅಂತ... ಆವತ್ತು ನನಗೇ ಗೊತ್ತಿರಲಿಲ್ಲ.

ಹೌದು, ಮಾಲವಿಕಾ ನನ್ನ ಮಗಳು. ಹೊರಗೆ ಜೀಪಿನಲ್ಲಿ ಕೂತಿದ್ದಾಳೆ. ಇರಿ, ಇರಿ, ಈಗಲೇ ಕರೀಬೇಡಿ! ಮೊದಲು ನಾನು ಮಾತಾಡ್ತೀನಿ. ಕುಡಿತ ಬಿಡೋರ ಮೀಟಿಂಗ್ ಇದೇ ತಾನೆ? ಈ ಮಕ್ಕಳ ಬೆಂಚಿನ ಮೇಲಾ ಕೂರೋದು?

ನಾನು ತ್ರಿಪುರಸುಂದರಿ, ಬಿ.ಎ. ಬಣಕಲ್ ಹತ್ತಿರ ನಮ್ಮ ತೋಟ. ನೀವು? ಷಡಕ್ಷರಿ... ಸರಿ, ಮುಂದೆ? ಬರೀ ಷಡಕ್ಷರಿ? ಯಾರ ಮನೆಯವ್ರು? ಕೇಳಬಾರದಾ! ಇದೊಳ್ಳೆ ಕಥೆ ಮಾರಾಯ್ರೆ. ಈ ಜಿಲ್ಲೆಯಲ್ಲಿ ಯಾರ ಮಗ, ಯಾವ ತೋಟ ಅಂತ ಕೇಳದೆ ಬಾಯಾರಿಕೆಗೆ ನೀರೂ ಕೊಡೋರಿಲ್ಲ.

ಮತ್ತೆ ಒಂದು ಬೋರ್ಡಾದ್ರೂ ಹಾಕಬಾರದಾ? ಮೂರು ಶನಿವಾರ ಅಲೆದಿದ್ದೀನಿ. 'ಚಿಕ್ಕಮಗಳೂರಲ್ಲಿ ಯಾವುದೋ ಶಾಲೆ, ಸಂಜೆ ಹೊತ್ತು' ಅಂದ್ರು ಡಾಕ್ಟರು. ಒಂದು ಶಾಲೆಗೆ ನುಗ್ಗಿದೆ, ಭರತನಾಟ್ಯದ ಕ್ಲಾಸು! ಕೊನೆಗೆ ದಾರಿ ಹೇಳಿದ್ದು ಯಾರು ಅಂತೀರಿ? ಬ್ರಾಂದಿ ಅಂಗಡಿಯವನು. 'ನನ್ನ ಗಿರಾಕಿಗಳು ತಪ್ಪಿಸಿಕೊಂಡ್ರೆ ಅಲ್ಲೇ ಇರ್ತಾರೆ ಅಮ್ಮಾ' ಅಂದ. ಯಾಕೆ ನಗ್ತೀರಿ? ನೀವೂ ಅವನ ಗಿರಾಕಿಯಾ? ...ನಗಿ ಬಿಡಿ. ಈ ವಯಸ್ಸಲ್ಲಿ ಬ್ರಾಂದಿ ಅಂಗಡಿ ಮೆಟ್ಟಿಲು ಹತ್ತಿಸಿದಳು ನನ್ನ ಮಗಳು.

ನಮ್ಮದು ಅಂಥ ಮನೆ ಅಲ್ಲ. ವೈನ್ ಮಾಡ್ತಿದ್ದೆ, ಹೌದು. ನೇರಳೆ ಹಣ್ಣಿಂದು, ಶುಂಠಿದು. ಕ್ಲಬ್ಬಿನಲ್ಲಿ ಹೆಂಗಸರ ಸ್ಪರ್ಧೆ ಅಂದ್ರೆ ಮೊದಲ ಬಹುಮಾನ ನನ್ನದೇ. ಅದನ್ನ ಯಾರಾದ್ರೂ ಕುಡಿತ ಅಂತಾರಾ? ರುಚಿ ನೋಡೋಕೆ ಮಾಲವಿಕಾನೇ ಆಗಬೇಕಿತ್ತು, ಅವಳ ನಾಲಿಗೆ ಅಷ್ಟು ಚುರುಕು. ಆಮೇಲೆ ಭರಣಿಗಳು ನಾನು ನೋಡೋದ್ರೊಳಗೆ ಖಾಲಿ. ಆಮೇಲೆ ಬಟ್ಟೆ ಬೀರುವಿನಲ್ಲಿ ಬಾಟಲಿ. ಅವಳ ಗಂಡ ಶ್ರೀಹರಿ ಒಂದು ವರ್ಷ ಸಹಿಸಿದ. ಮಗು ಪಂಚಮಿಯನ್ನ ಎತ್ತಿಕೊಂಡು ಕಳಸಕ್ಕೆ ಹೊರಟೇ ಹೋದ.

ನಾನೇ ಬಿಡಿಸ್ತೀನಿ ಅಂದೆ. ಓದಿದವಳಲ್ವಾ! ಒಂದೇ ಸಲಕ್ಕೆ ನಿಲ್ಲಿಸಿದೆ, ಫಿಟ್ಸ್ ಬಂತು. ಬಾಯಲ್ಲಿ ನೊರೆ... ಅಯ್ಯೋ, ಆ ರಾತ್ರಿ ಬೇಡ. ಅದಕ್ಕೇ ಅಳತೆ ಶುರು ಮಾಡಿದೆ. ಮಳೆ ಅಳೆಯೋ ಗೆರೆ ಗಾಜು ಇದೆಯಲ್ಲ, ಅದರಲ್ಲಿ. ಸಂಜೆಗೆ ಇಷ್ಟು ಗೆರೆ ಬ್ರಾಂದಿ, ಮುಂದಿನ ತಿಂಗಳು ಒಂದು ಗೆರೆ ಕಮ್ಮಿ. ತಲೆ ಯಾಕೆ ಅಲ್ಲಾಡಿಸ್ತೀರಿ? ಬೇಸಿಗೆಯಲ್ಲಿ ನಿಜವಾಗಲೂ ಇಳಿದಿತ್ತು! ಜೂನ್‌ನಲ್ಲಿ ಏರಿತು. ಮತ್ತೆ ಇಳಿಸಿದೆ. ಮತ್ತೆ... ಅದೆಲ್ಲ ಮುಗಿದ ಮಾತು ಬಿಡಿ. ಆ ಅಳತೆ ಗಿಳತೆ ಈಗಿಲ್ಲ.

ಏನಂದ್ರಿ? ಅವಳೊಬ್ಬಳೇ ಒಳಗೆ ಬರಬೇಕಾ? ನಾನು ಪಕ್ಕದಲ್ಲಿ ಸುಮ್ಮನೆ ಕೂರ್ತೀನಿ. ಬೇಡವಾ? ಕುಡಿತ ಬಿಡಬೇಕು ಅಂತ ಅವಳ ಬಾಯಲ್ಲೇ ಬರಬೇಕಾ? ಇಷ್ಟು ಗಂಡಸರ ಮಧ್ಯೆ ನನ್ನ ಮಗಳು ಬಾಯಿ ಬಿಡೋದು ಹೇಗೆ ಸ್ವಾಮಿ... ಹೌದಾ? ಕುಡಿತ ಬಿಟ್ಟ ಟೀಚರ್ ಒಬ್ಬರು ಬರ್ತಾರಾ? ಹೆಂಗಸಾ? ನಮ್ಮ ಪೈಕಿ ಯಾರಾದ್ರೂ... ಆಯ್ತು, ಆಯ್ತು, ಕೇಳಲ್ಲ.

ಇವತ್ತಾ? ಇವತ್ತು ಕುಡಿದಿಲ್ಲ. ಬೆಳಗಿನಿಂದ ಒಂದು ತೊಟ್ಟೂ ಇಲ್ಲ. ನಾನು ಜೊತೆಗೇ ಇದ್ದೀನಲ್ಲ.



ಬ್ಯಾಗಲ್ಲಿ ಏನು ನೋಡ್ತೀರಿ? ಫ್ಲಾಸ್ಕು. ಕಾಫಿ. ಕಾಫಿ ತೋಟದವರ ಕೈಲಿ ಕಾಫಿ ಇರದೆ... ಮುಚ್ಚಳ ಸ್ವಲ್ಪ ಸಡಿಲ, ಅಷ್ಟೇ...

ಷಡಕ್ಷರಿಯವ್ರೇ. ಏನಾದ್ರೂ ಅನ್ನಿ. ಬೈಯಿರಿ ಬೇಕಾದ್ರೆ. ಹೀಗೆ ನೋಡ್ತಾ ನಿಲ್ಲಬೇಡಿ.

...ನಿಮ್ಮ ಮೂಗಿಗೆ ಗೊತ್ತಾಗದೆ ಇರುತ್ತಾ.

ಬಣಕಲ್ ದಾಟೋದ್ರೊಳಗೆ ಅವಳ ಕೈ ನಡುಗೋಕೆ ಶುರುವಾಯ್ತು. ಮೂಡಿಗೆರೆ ಹತ್ತಿರ ಜೀಪ್ ಪಕ್ಕಕ್ಕೆ ನಿಲ್ಲಿಸಿ ಕೊಟ್ಟೆ. ಈ ಫ್ಲಾಸ್ಕಿನಲ್ಲಿರೋದು ವಾಪಸ್ ಹೋಗೋವಾಗಕ್ಕೆ. ಅಳತೆ ನಿಂತೇ ಇಲ್ಲ. ಐದು ವರ್ಷದಿಂದ ತರಿಸೋಳು ನಾನು, ಸುರಿಯೋಳು ನಾನು. ಅವಳೇ ಅಂಗಡಿಗೆ ಹೋದ್ರೆ ಬಣಕಲ್ಲಿಗೆಲ್ಲ ಗೊತ್ತಾಗುತ್ತೆ. ನನ್ನ ಕೈಯಲ್ಲಿದ್ರೆ ಮನೆಯೊಳಗೇ ಇರುತ್ತೆ ಅಂತ... ಇವತ್ತು ಡ್ರೈವರನ್ನೂ ಬಿಟ್ಟು ನಾನೇ ಓಡಿಸಿಕೊಂಡು ಬಂದೆ.

ತಗೊಳ್ಳಿ, ಚೆಲ್ಲಿಬಿಡಿ. ಇಲ್ಲ... ಈಗಲೇ ಬೇಡ, ಮತ್ತೆ ಫಿಟ್ಸ್ ಬಂದ್ರೆ? ಏನು ಮಾಡಬೇಕು ಅಂತ ನೀವೇ ಹೇಳಿ. ನನಗೆ ಗೊತ್ತಾಗ್ತಿಲ್ಲ. ನೀವೇ ಹೋಗಿ ಅವಳನ್ನ ಕರೀರಿ. ನಾನು ಕರೆದ್ರೆ ಅವಳು ಬರಲ್ಲ, ಕೈ ಚಾಚ್ತಾಳೆ.

ಈ ಕುಡಿತದಿಂದ ಏನೇನು ಹೋಯ್ತು ಅಂತ ಕೇಳಿದ್ರೆ ಇಷ್ಟು. ಶ್ರೀಹರಿ ಬೇರೆ ಮದುವೆಯಾದ. ಅಮ್ಮ ಸತ್ತುಹೋಗಿದ್ದಾಳೆ ಅಂತ ಪಂಚಮಿ ಶಾಲೆಯಲ್ಲಿ ಹೇಳ್ತಾಳಂತೆ. ಮಾಲವಿಕಾನ ಲಿವರ್ ಅರ್ಧಕ್ಕರ್ಧ ಕೆಟ್ಟಿದೆ. ಮತ್ತೆ ನಾನು... ಅವಳು ನನ್ನನ್ನ ಅಮ್ಮ ಅಂತ ಕರೆದು ವರ್ಷಗಳೇ ಆದವು. ಸಂಜೆ ಅಡುಗೆಮನೆ ಬಾಗಿಲಲ್ಲಿ ಬಂದು ನಿಲ್ತಾಳೆ. 'ಆಯ್ತಾ?' ಅಂತಾಳೆ. ನಾನು ಕೊಡ್ತೀನಿ. ಇಸ್ಕೊಂಡು ಹೋಗ್ತಾಳೆ.