ಇಲಿ ಕಡಿದ ತಂತಿಯಲ್ಲ

ನಾನು, ವಯಸ್ಸು ನಲವತ್ತಾರು, ಕಾರುಗಳಿಗೆ ಮ್ಯೂಸಿಕ್ ಸಿಸ್ಟಮ್ ಕೂರಿಸುವ ಮತ್ತು ರಿಪೇರಿ ಮಾಡುವ ಕೆಲಸ, ಗಾಜಿನ ಅಂಗಡಿಯ ಹಿಂದಿನ ಶೆಡ್ಡು ನನ್ನದು, ಅದರ ಮಹಡಿಯಲ್ಲೇ ವಾಸ, ಗುಡುಗಣ್ಣ ಎಂದರೆ ಆ ರಸ್ತೆಯಲ್ಲಿ ಯಾರಾದರೂ ತೋರಿಸುತ್ತಾರೆ. ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಮಲಗಿದ್ದಲ್ಲಿಂದಲೇ, ಹೆಡ್ ಕಾನ್‌ಸ್ಟೆಬಲ್‌ರವರು ಕೇಳಿದ್ದಕ್ಕೆ ಉತ್ತರವಾಗಿ ತಿಳಿಸುವುದೇನೆಂದರೆ:

ನಿನ್ನೆ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಕ್ರೇನ್ ಬಾಡಿಗೆಗೆ ಕೊಡುವ ಸಾಹುಕಾರರು ತಮ್ಮ ಬಿಳಿ ಕಾರನ್ನು ನನ್ನ ಶೆಡ್ಡಿಗೆ ತಂದರು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಇದ್ದರು. ಡಿಕ್ಕಿಯಲ್ಲಿರುವ, ದಪ್ಪ ಸದ್ದಿನ ದೊಡ್ಡ ಸ್ಪೀಕರಾದ ಸಬ್‌ವೂಫರ್ ಸದ್ದು ಮಾಡುತ್ತಿಲ್ಲವೆಂದು ಸಾಹುಕಾರರು ಹೇಳಿದರು. ಸದರಿ ಸಬ್‌ವೂಫರನ್ನು ಮೂರು ತಿಂಗಳ ಹಿಂದೆ ನಾನೇ ಕೂರಿಸಿದ್ದೆ. ಅಂಗಡಿಯಲ್ಲಿದ್ದವುಗಳಲ್ಲೆಲ್ಲ ದೊಡ್ಡದನ್ನೇ ಕೇಳಿದ್ದರು. ಹಿಂದೆ ಕೂತವರ ಎದೆಗೆ ಗುದ್ದಿದಂತಾಗಬೇಕು ಎಂದಿದ್ದರು. ಹಾಗೆ ಕೇಳುವವರು ಬಹಳ ಜನ, ಆದ್ದರಿಂದ ನನಗೆ ವಿಶೇಷವೆನಿಸಿರಲಿಲ್ಲ.

ಸೀಟು ಬಿಚ್ಚಬೇಕು, ಸ್ವಲ್ಪ ಇಳಿಯಿರಿ ಎಂದು ನಾನು ಕಾರಿನ ಎಡಬದಿಯಿಂದ ಆಕೆಗೆ ಹೇಳಿದೆ. ಎರಡು ಸಲ ಹೇಳಿದರೂ ಆಕೆ ಅಲುಗಲಿಲ್ಲ. ಮುಂದೆ ಹೋಗಿ ನಿಂತಾಗ ನನ್ನ ತುಟಿ ನೋಡಿ ತಕ್ಷಣ ಇಳಿದರು. ಎಡಗಿವಿಯಲ್ಲಿ ಹತ್ತಿ ಇತ್ತು. ಶೀತವೇನಮ್ಮಾ ಎಂದು ಕೇಳಿದೆ. ಆಕೆ ಬಾಯಿ ತೆರೆಯುವ ಮೊದಲೇ ಸಾಹುಕಾರರು, ಕಿವಿಯೇನೋ ಚೆನ್ನಾಗಿದೆ, ಹೇಳಿದ ಮಾತು ಕೇಳುವುದಿಲ್ಲ ಅಷ್ಟೇ ಎಂದರು. ನಾನು ನಕ್ಕೆ.

ಕೆಲಸವನ್ನು ನಾನು ಯಾವಾಗಲೂ ಬ್ಯಾಟರಿಯಿಂದ ಶುರುಮಾಡುತ್ತೇನೆ. ಬಾನೆಟ್ ಎತ್ತಿ ಕಂಬಿಗೆ ನಿಲ್ಲಿಸಿದೆ. ಬ್ಯಾಟರಿಯ ಪಕ್ಕದ, ಆಂಪ್ಲಿಫೈಯರಿಗೆ ಹೋಗುವ ತಂತಿಯ ಫ್ಯೂಸು ಸರಿಯಿತ್ತು. ಡಿಕ್ಕಿಗೆ ಬಂದು ನೋಡಿದರೆ ಆಂಪ್ಲಿಫೈಯರಿನ ದೀಪ ಉರಿಯುತ್ತಿತ್ತು. ಅರ್ಥಿಂಗ್ ತಂತಿಯ ಬೋಲ್ಟು ಬಿಗಿಯಾಗಿತ್ತು. ಸ್ಪೀಕರಿಗೇ ನೇರವಾಗಿ ಮೀಟರ್ ಹಿಡಿದೆ, ಕಾಯಿಲ್ ಸುಟ್ಟಿರಲಿಲ್ಲ. ಹಾಗಾದರೆ ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವೆ ಎಲ್ಲೋ ತುಂಡಾಗಿದೆ ಎಂದುಕೊಂಡು ಕಾರ್ಪೆಟ್ ಎತ್ತಿದೆ. ಹಿಂದಿನ ಸೀಟಿನ ನಡುವೆ ಕೈಯಿಡುವ ಆರ್ಮ್ ರೆಸ್ಟ್ ಮಡಚಿದರೆ ಡಿಕ್ಕಿಗೆ ಒಂದು ಕಿಂಡಿ ಇದೆ. ಆ ಕಿಂಡಿಯಿಂದ ಕೈ ಚಾಚಿದರೆ ಎಟಕುವಷ್ಟು ದೂರದಲ್ಲಿ ತಂತಿ ತುಂಡಾಗಿತ್ತು.

ಸಾಹುಕಾರರು ಬಗ್ಗಿ ನೋಡಿ, "ಇಲಿ ಕಡಿದಿದ್ಯೇನೋ?" ಎಂದು ಕೇಳಿದರು.

ನಾನು ತುಂಡನ್ನು ಬೆಳಕಿಗೆ ಹಿಡಿದು ತೋರಿಸಿದೆ. "ಇಲಿಯಲ್ಲ ಸಾರ್. ಇಲಿ ಕಡಿದ್ರೆ ರಬ್ಬರು ಹರಕು ಹರಕಾಗಿರುತ್ತೆ. ಇದು ನೋಡಿ, ಎರಡೂ ತುದಿ ಸಮ. ಕತ್ತರಿ ಹಾಕಿದ್ದು" ಎಂದೆ. ಕಾಯಿಲೆ ಕಂಡುಹಿಡಿದ ಡಾಕ್ಟರಂತೆ ಜಂಬದಿಂದಲೇ ಹೇಳಿದೆ.

ಆಕೆ ಶೆಡ್ಡಿನ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದರು. ತೊಡೆಯ ಮೇಲಿದ್ದ ಕೈಚೀಲವನ್ನು ಎದೆಗೆ ಒತ್ತಿಕೊಂಡರು. ಸಾಹುಕಾರರು ಬೈಯಲಿಲ್ಲ, ಕೂಗಲಿಲ್ಲ. ಕೈಚೀಲ ತೆಗೆದುಕೊಂಡು ಅದರಲ್ಲಿದ್ದುದನ್ನೆಲ್ಲ ನನ್ನ ಕೆಲಸದ ಮೇಜಿನ ಮೇಲೆ ಸುರಿದರು. ಬಾಚಣಿಗೆ, ಮಾತ್ರೆ, ಹತ್ತಿಯ ಉಂಡೆ, ಉಗುರು ಕತ್ತರಿ. ಕತ್ತರಿಯನ್ನು ಎತ್ತಿ ನನ್ನ ಜೇಬಿನಲ್ಲಿಟ್ಟು, "ಇಟ್ಕೊಳಪ್ಪ, ನಿನಗೆ ಬಹುಮಾನ" ಎಂದರು. ಸದರಿ ಕತ್ತರಿ ಈಗಲೂ ನನ್ನ ಅಂಗಿಯ ಜೇಬಿನಲ್ಲಿದೆ.

ನಂತರ ತಂತಿಯನ್ನು ಮತ್ತೆ ಜೋಡಿಸಿ, ಯಾರ ಕೈಯೂ ತಾಗದ ಹಾಗೆ ಕಬ್ಬಿಣದ ಕೊಳವೆಯೊಳಗೆ ಹಾಯಿಸಬೇಕೆಂದು ಹೇಳಿದರು. ಆ ಹೊತ್ತಿಗೆ ನನಗೇನೂ ಅರ್ಥವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅರ್ಧ ಅರ್ಥವಾಗಿತ್ತು. ಗಂಡ ಹೆಂಡಿರ ವಿಷಯ, ನಮಗ್ಯಾಕೆ ಎಂದುಕೊಂಡು ಕೊಳವೆ ಹಾಕಿದೆ.

ಕೆಲಸ ಮುಗಿದು ಸೀಟು ಕೂರಿಸಿದ ಮೇಲೆ ಸಾಹುಕಾರರು ಹಿಂದಿನ ಬಾಗಿಲುಗಳನ್ನು ಒಳಗಿನಿಂದ ತೆರೆಯಲಾಗದಂತೆ ಚೈಲ್ಡ್ ಲಾಕ್ ಹಾಕಿದರು. ಅವರಿಗೆ ಮಕ್ಕಳಿಲ್ಲ. "ಬಾ, ಕೂತ್ಕೋ. ಸರಿಯಾಗಿದ್ಯಾ ನೋಡಬೇಕಲ್ಲ" ಎಂದು ಹೆಂಡತಿಯನ್ನು ಕರೆದರು. ಆಕೆ, "ಬೇಡಾ ರೀ, ಇವತ್ತು ಬೇಡ. ಇನ್ನೊಂದು ಕಿವಿ ಬಿಡಿ ರೀ" ಎಂದರು. ಇದನ್ನು ನಾನು ಸ್ಪಷ್ಟವಾಗಿ ಕೇಳಿದ್ದೇನೆ. ಸಾಹುಕಾರರು ಆಕೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಕಿವಿಯ ಹತ್ತಿ ಕಿತ್ತು, ಹಾಡು ಹಾಕಿ ಪೂರ್ತಿ ಜೋರು ಮಾಡಿ, ಬಾಗಿಲು ಮುಚ್ಚಿ ಅದಕ್ಕೇ ಬೆನ್ನು ಕೊಟ್ಟು ನಿಂತರು.

ಮುಚ್ಚಿದ ಕಾರಿನಲ್ಲಿ ಆ ಸದ್ದು ಏನು ಮಾಡುತ್ತದೆಂದು ನನಗೆ ಗೊತ್ತು. ಪರೀಕ್ಷೆಗೆಂದು ಒಳಗೆ ಕೂತಾಗ ನಾನೇ ಅರ್ಧಕ್ಕಿಂತ ಜೋರು ಮಾಡುವುದಿಲ್ಲ. ಆಕೆ ಗಾಜು ಬಡಿಯಲಿಲ್ಲ. ಎರಡೂ ಕೈಯಿಂದ ಬಲಗಿವಿಯೊಂದನ್ನೇ ಮುಚ್ಚಿಕೊಂಡು ಸೀಟಿನ ಮೇಲೆ ಮುದುಡಿದರು. ಸಾಕು, ಬಾಗಿಲು ತೆಗೆಯಿರಿ ಸಾರ್ ಎಂದು ಕೂಗಿದೆ. ಸಾಹುಕಾರರು ನನ್ನ ಕಿವಿಯ ಬಳಿ ಬಾಯಿಟ್ಟು, "ನನ್ನ ಮಾತು ಕೇಳಲ್ಲ ಅಂದ್ರೆ ಇದನ್ನಾದ್ರೂ ಕೇಳ್ಲಿ" ಎಂದರು. ನಾನು ಬಾಗಿಲಿಗೆ ಕೈ ಹಾಕಿದಾಗ ಎದೆಗೆ ಕೈಯಿಟ್ಟು ತಳ್ಳಿದರು.

ಆಗ ನಾನು ಇನ್ನೂ ತೆರೆದೇ ಇದ್ದ ಬಾನೆಟ್ಟಿನ ಬಳಿ ಓಡಿ, ಬ್ಯಾಟರಿಯ ಪಕ್ಕದ ಫ್ಯೂಸನ್ನು ಕಿತ್ತೆ. ಸಬ್‌ವೂಫರ್ ನಿಂತಿತು. ಮುಂದಿನ ಚಿಕ್ಕ ಸ್ಪೀಕರುಗಳಲ್ಲಿ ಹಾಡು ತೆಳ್ಳಗೆ ನಡೆಯುತ್ತಲೇ ಇತ್ತು. ಅದೊಂದು ಮದುವೆ ಮನೆಯ ಹಾಡು. ನನ್ನ ಬಲಗೈ ಇನ್ನೂ ಬಾನೆಟ್ಟಿನ ಕೆಳಗಿನ ಅಂಚಿನ ಮೇಲಿದ್ದಾಗಲೇ ಸಾಹುಕಾರರು ಕಂಬಿ ತಪ್ಪಿಸಿ ಬಾನೆಟ್ಟನ್ನು ಹಾಕಿ, ಎರಡೂ ಕೈಯಿಂದ ಒತ್ತಿ ಹಿಡಿದರು. ನಾನು ಕಿರುಚುತ್ತಿದ್ದೆ. ಅವರು ನಗುತ್ತಾ, "ಎಲ್ಲಿಂದ ಸದ್ದು ಬರ್ತಾ ಇದೆ, ಹುಡುಕೋ ಗುಡುಗಣ್ಣ. ಇಲಿ ಇರಬೇಕು ನೋಡು" ಎಂದರು.

ಎದುರಿನ ಟೈರ್ ಅಂಗಡಿಯವರು ಟೈರ್ ಬಿಚ್ಚುವ ಹಾರೆ ಹಿಡಿದು ಓಡಿಬಂದರು. ಅವರನ್ನು ನೋಡಿ ಸಾಹುಕಾರರು ಕೈ ಬಿಟ್ಟು, ಅಯ್ಯೋ ಜಾರಿಬಿತ್ತಲ್ಲಪ್ಪಾ ಎಂದರು. ಟೈರ್ ಅಂಗಡಿಯವರೇ ಬಾನೆಟ್ ಎತ್ತಿದರು, ಹಿಂದಿನ ಬಾಗಿಲನ್ನೂ ತೆರೆದರು. ಆಕೆ ಗಂಡನ ಮುಖ ನೋಡಿ, ಅವರು ತಲೆಯಾಡಿಸಿದ ಮೇಲೆ ಇಳಿದರು. ನನ್ನ ಬೆರಳು ನೋಡಿ, ಹೆಗಲ ಮೇಲಿನ ದುಪಟ್ಟಾ ತೆಗೆದು ಸುತ್ತಿದರು. ಗಂಟು ಹಾಕುವಾಗ ತಲೆ ಎತ್ತದೆ, "ಇಲಿ ಅಂತ ಅಂದಿದ್ರೆ ಆಗ್ತಿತ್ತಲ್ಲ, ಅಣ್ಣ" ಎಂದರು. ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೆರಳಿನ ನೋವಿಗೆ ಇಲ್ಲಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟಿದ್ದಾರೆ.

ಆಮೇಲೆ ಸಾಹುಕಾರರು ನೆಲದ ಮೇಲೆ ಬಿದ್ದಿದ್ದ ಫ್ಯೂಸನ್ನು ಹುಡುಕಿ, ಒರೆಸಿ, ತಾವೇ ಜಾಗಕ್ಕೆ ಕೂರಿಸಿದರು. ಮುಂದಿನ ಸೀಟು ಖಾಲಿ ಇತ್ತು. ಆಕೆ ಯಾರೂ ಹೇಳದೆಯೇ ಹಿಂದೆ ಹೋಗಿ ಕೂತರು.

ಬಾನೆಟ್ಟಿನ ಕಂಬಿ ತಾನಾಗಿ ಜಾರಿತು, ತಾನು ಕಣ್ಣಾರೆ ನೋಡಿದೆ ಎಂದು ಆಕೆ ಹೇಳಿಕೆ ಕೊಟ್ಟಿರುವುದನ್ನು ಹೆಡ್ ಕಾನ್‌ಸ್ಟೆಬಲ್‌ರವರು ನನಗೆ ಓದಿ ಹೇಳಿದರು. ಕಾರಿನ ಹಿಂದಿನ ಸೀಟಿನಿಂದ, ಎತ್ತಿದ ಬಾನೆಟ್ಟಿನ ಆಚೆಗಿನ ಕಂಬಿ ಯಾರಿಗೂ ಕಾಣುವುದಿಲ್ಲ. ಅದರ ಬಗ್ಗೆ ನಾನು ಆಕೆಯನ್ನು ದೂರುವುದಿಲ್ಲ. ಬಾನೆಟ್ಟಿನಡಿ ಜಜ್ಜಿಹೋದ ನನ್ನ ಮೂರು ಬೆರಳಿನ ದೂರು ಸಾಹುಕಾರರ ಮೇಲೆ ಮಾತ್ರ.

ಆಕೆಯನ್ನು ಇನ್ನೊಮ್ಮೆ ವಿಚಾರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಸಾಹುಕಾರರು ಕ್ರೇನಿನ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಮಹಿಳಾ ಸಿಬ್ಬಂದಿಯೊಬ್ಬರು ಹೋಗಬೇಕು. ಬಾಗಿಲಾಚೆ ನಿಂತು ಕೂಗಬಾರದು. ಎದುರಿಗೆ ಕೂತು, ತುಟಿ ಕಾಣುವಂತೆ, ನಿಧಾನವಾಗಿ ಕೇಳಬೇಕು. ಆಕೆಗೆ ಎಡಗಿವಿ ಕೇಳಿಸುವುದಿಲ್ಲ. ನಿನ್ನೆಯ ನಂತರ ಬಲಗಿವಿ ಹೇಗಿದೆಯೋ ನನಗೆ ಗೊತ್ತಿಲ್ಲ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಲಾಯಿತು. ನಾನು ಕಂಡದ್ದೂ ಕೇಳಿದ್ದೂ ಇಷ್ಟೇ, ಇದರಲ್ಲಿ ಸುಳ್ಳಿಲ್ಲ. ಬಲಗೈಗೆ ಪಟ್ಟಿ ಇರುವುದರಿಂದ ಎಡಗೈ ಹೆಬ್ಬೆಟ್ಟು ಒತ್ತಿದ್ದೇನೆ.

ಸ್ಥಳ: ಆಸ್ಪತ್ರೆ, ಮೂಳೆ ವಾರ್ಡು
ದಿನಾಂಕ: ಘಟನೆಯ ಮರುದಿನ, ಬೆಳಿಗ್ಗೆ
(ಎಡಗೈ ಹೆಬ್ಬೆಟ್ಟಿನ ಗುರುತು)