ಉಪ್ಪಿನ ಶಾಖ

ಆಲ್ದೂರಿನ ಬಸ್‌ ಸ್ಟ್ಯಾಂಡಿನಲ್ಲಿ ಪಂಚಮಿಯ ಪಕ್ಕ ಕೂತಿದ್ದ ಹೆಂಗಸು, ಬಸ್ಸಿಳಿದ ನರ್ಸನ್ನು ಕಂಡು ಮುಖವರಳಿಸಿದಳು.

"ಸಿಸ್ಟರ್, ನಿನ್ನೆ ಮನೆಗೆ ಬಂದು ನಮ್ಮ ಯಜಮಾನ್ರ ಬೆನ್ನಿಗೆ ನೋವಿನ ಪಟ್ಟಿ ಅಂಟಿಸಿದ್ರಲ್ಲ, ಈಗ ನರಳಾಟವೇ ನಿಂತೋಯ್ತು!"

"ರಾತ್ರಿ ನಿದ್ದೆ ಬಂತಾ?"

"ಇಲ್ಲ. ರಾತ್ರಿಯೆಲ್ಲ ನರಳಿದ್ರು, ಬೆಳಿಗ್ಗೆ ಉಪ್ಪು ಹುರಿದು, ಗಂಟು ಕಟ್ಟಿ ಶಾಖ ಕೊಟ್ಟೆ. ಆಮೇಲೆ ಮಲಗಿದ್ರು. ಸಂಜೆಗೂ ಬೇಕಲ್ಲ ಅಂತ ಉಪ್ಪು ತಗೊಂಡೆ."

"ಪಟ್ಟಿ ತೆಗೆದು ಶಾಖ ಕೊಟ್ರಾ?"

"ಅದ್ರ ಮೇಲೇ ಕೊಟ್ಟೆ, ಮದ್ದು ಚೆನ್ನಾಗಿ ಇಳೀಲಿ ಅಂತ."

"ಅಯ್ಯೋ ಅಮ್ಮ! ಅದು ಮಾರ್ಫಿನ್‌ನಂಥ ಜೋರು ಮದ್ದು, ಬಿಸಿ ತಾಗಿದ್ರೆ ಒಟ್ಟಿಗೇ ಮೈಗೆ ಹೋಗಿ ಉಸಿರೇ ನಿಲ್ಲಬಹುದು. ನೀವು ಹೊರಡುವಾಗ ಅವ್ರು ಮಾತಾಡಿದ್ರಾ?"

"ಕೂಗಿದೆ, ಏಳಲಿಲ್ಲ. ಅಪರೂಪದ ನಿದ್ದೆ ಅಂತ ಬಾಗಿಲು ಎಳ್ಕೊಂಡು ಬಂದೆ."

ನರ್ಸ್ ಫೋನ್ ಕಿವಿಗಿಟ್ಟುಕೊಂಡೇ ಆ ಹೆಂಗಸನ್ನು ಆಟೋದತ್ತ ಎಳೆದೊಯ್ದಳು.

ಉಪ್ಪಿನ ಪ್ಯಾಕೆಟ್ ಪಂಚಮಿಯ ಪಕ್ಕದಲ್ಲೇ ಉಳಿಯಿತು. ಅದನ್ನು ಮುಟ್ಟಲು ಅವಳಿಗೆ ಭಯವಾಯಿತು.