ಸೊನ್ನೆಯಲ್ಲೇ ನಿಂತ ಮುಳ್ಳು

“ಹಲೋ... ಯಾರು ಮಾತಾಡ್ತಿರೋದು? ... ಹಾಂ, ನೀನೇನಪ್ಪಾ! ... ಬೇಡ ಬೇಡ, ನಿಮ್ಮಣ್ಣನಿಗೆ ಆಮೇಲೆ ಕೊಡ್ತೀನಿ. ಮೊದ್ಲು ನನ್ ಮಾತು ಕೇಳು.”

ತಕ್ಕಡಿ ರಿಪೇರಿ ಅಂಗಡಿಯ ಹಿಂದಿನ ಕೋಣೆ. ಮೈದುನನ ಫೋನ್ ಕಿವಿಗಿಟ್ಟುಕೊಂಡೇ ಅತ್ತಿಗೆ ಬಾಗಿಲನ್ನು ಅರ್ಧ ಮುಂದೆ ಮಾಡಿದಳು. ಮುಂದುಗಡೆ ಅವಳ ಗಂಡ ಯಾರದೋ ಮುಳ್ಳಿನ ತಕ್ಕಡಿ ಬಿಚ್ಚಿಕೊಂಡು ಕೂತಿದ್ದ.

“ಹಾಂ, ನಿಮ್ಮಣ್ಣನ ರಕ್ತದ ರಿಪೋರ್ಟ್ ನಾರ್ಮಲ್ಲೇ. ಆ ಟ್ಯೂಮರ್ ಮಾರ್ಕರು, ಗಡ್ಡೆ ಇದ್ರೆ ರಕ್ತದಲ್ಲಿ ಏರುತ್ತಲ್ಲ, ಅದೂ... ಏನು, ನೆಂಟರಿಗೆಲ್ಲ ಹೇಳಿಬಿಟ್ಯಾ? ಅಯ್ಯೋ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋ ಬುದ್ಧಿ ನಿಂದು!”

...

“ಖುಷಿ ಪಡೋ ವಿಷಯ ಅಲ್ಲ ಕಣೋ. ಹೊಟ್ಟೆ ಕ್ಯಾನ್ಸರಲ್ಲಿ ಎಲ್ಲರಿಗೂ ಅದು ಏರಲ್ವಂತೆ. ಗಡ್ಡೆ ಬೆಳೀತಿದ್ರೂ ರಕ್ತದಲ್ಲಿ ಗೊತ್ತಾಗಲ್ವಂತೆ... ಡಾಕ್ಟರಮ್ಮನೇ ಹೇಳಿದ್ದು. ಸ್ಕ್ಯಾನ್ ನೋಡಿ, ನನ್ನೊಬ್ಬಳನ್ನೇ ಒಳಗೆ ಕರೆದ್ರು.”

...

“ಹೊಟ್ಟೆ ಒಳಗಿನ ಪೊರೆಗೆಲ್ಲ ಹರಡಿದೆಯಂತೆ... ಆಪರೇಷನ್ನಾ? ಪ್ರಯೋಜನ ಇಲ್ಲ ಅಂದ್ರು... ಔಷಧಿ ಕೊಟ್ರೂ ಇನ್ನು ಕೆಲವು ತಿಂಗಳು. ವರ್ಷ ಕಂಡ್ರೆ ಅದೇ ಪುಣ್ಯ... ಅಳಬೇಡ್ವೋ. ನೀನೇ ಅತ್ರೆ ನಾನು ಯಾರ ಮುಂದೆ ಅಳಲಿ?”

...

“ಅವರಿಗಾ? ಹೇಳಿಲ್ಲ. ಹೇಳೋಕೆ ಬಾಯೇ ಬರ್ಲಿಲ್ಲ. ನಾರ್ಮಲ್ ಅಂದಿದ್ದೇ ತಡ, ಅಂಗಡಿ ತೆಗೆದು ಕೂತಿದಾರೆ... ನಾಳೆ ಬಾ. ಇಬ್ರೂ ಸೇರಿ ಹೇಳೋಣ, ಆಯ್ತಾ?”

ಬಾಗಿಲು ಸರಿಯಿತು. ಗಂಡ ಗ್ರೀಸ್ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಮುಂದೆ ಚಾಚಿದ. ಅವಳು ಫೋನ್ ಕೊಟ್ಟುಬಿಟ್ಟಳು.

“ಹಲೋ... ಹಾಂ, ನಾನೇ ಕಣೋ. ಎಲ್ಲಾ ಕೇಳಿಸ್ತು... ನಂಗೇನು ಹೊಸದಲ್ಲ ಬಿಡು. ಮುಳ್ಳು ಸೊನ್ನೇಲಿದ್ರೆ ತಟ್ಟೆ ಖಾಲಿ ಅಂತಾನಾ? ಸ್ಪ್ರಿಂಗ್ ಸತ್ತಿದ್ರೆ ಕಲ್ಲು ಹೇರಿದ್ರೂ ಅದು ಏಳಲ್ಲ.”

...

“ಒಂದು ತುತ್ತು ಕೆಳಗಿಳೀತಿಲ್ಲ. ಬೆಲ್ಟಿಗೆ ಮತ್ತೆ ಮತ್ತೆ ತೂತು ಹೊಡೀತಿದೀನಿ. ಗೊತ್ತಾಗಲ್ವಾ? ... ಯಾಕೆ ಸುಮ್ನಿದ್ದೆ ಅಂದ್ರೆ? ಆ ನಾರ್ಮಲ್ ಕೇಳಿ ನಿಮ್ಮತ್ತಿಗೆ ನಕ್ಕಳಲ್ಲ, ಎಷ್ಟೋ ದಿನಕ್ಕೆ... ಅದಕ್ಕೇ.”

ಅವಳು ಗೋಡೆಗೆ ಒರಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಅವನು ಅವಳ ಕಡೆ ಬೆನ್ನು ಮಾಡಿ ದನಿ ತಗ್ಗಿಸಿದ.

“ನಾಳೆ ಬಂದುಬಿಡೋ, ತಮ್ಮಾ. ಧೈರ್ಯ ಹೇಳೋಕೆ ಬೇಡ, ಸುಮ್ನೆ ಪಕ್ಕದಲ್ಲಿ ಕೂತ್ಕೋ. ಅವಳ ಮುಂದೆ ಹೇಳೋಕಾಗಲ್ಲ ಕಣೋ... ನಂಗೆ ತುಂಬಾ ಭಯ ಆಗ್ತಿದೆ. ಕೇಳಿಸ್ತಾ? ... ಹಲೋ? ... ಹಲೋ?”

ಲೈನ್ ಆಗಲೇ ಕಟ್ಟಾಗಿತ್ತು. ಕೇಳಿಸಿಕೊಂಡಿದ್ದು ಅವಳೇ.